17ನೇ ಕ್ಯೂ

ಭಾನುವಾರದಿಂದ ನನ್ನ ತೋರುಬೆರಳಿನ ಮೇಲೆ ನನಗೇ ಸಿಟ್ಟು. ಕಾಲೇಜಿನ ಲ್ಯಾಬಿನಲ್ಲಿ ಕೀಬೋರ್ಡ್ ಮುಟ್ಟಿದರೆ ಸಾಕು, ಆ ಕೂಗು ಮತ್ತೆ ಕೇಳುತ್ತದೆ.

"ಒನ್ಸ್ ಮೋರ್!"

ನಮ್ಮದು ಎರಡು ವರ್ಷದ ತಂಡ. 12 ಜನ. ಇಷ್ಟು ದಿನ ಬೀದಿ ನಾಟಕ, ಕಾಲೇಜುಗಳಲ್ಲಿ ಅರ್ಧ ಗಂಟೆಯ ನಾಟಕ ಅಂತ ಓಡಾಡಿಕೊಂಡಿದ್ದೆವು. ಪೂರ್ತಿ ಹಾಡುಗಳ ಮೇಲೇ ನಿಂತ ನಾಟಕ ಇದೇ ಮೊದಲು. ಹಾಸನಾಂಬ ಕಲಾಕ್ಷೇತ್ರ, 11 ಹಾಡು, 100 ರೂಪಾಯಿ ಟಿಕೆಟ್. ನಮ್ಮೂರಲ್ಲಿ ಟಿಕೆಟ್ ಅಂದರೆ ಬರುವ ಮೊದಲ ಮಾತು "ಪಾಸ್ ಇಲ್ವಾ?". ಸ್ವಂತ ಮಾವನೇ ಕೇಳಿದರು. ಕೊಡಲಿಲ್ಲ. ಬರಲೂ ಇಲ್ಲ.

ಕತೆ ನಮ್ಮ ಕಡೆಯದೇ. 1979ರಲ್ಲಿ ಗೊರೂರಿನ ಅಣೆಕಟ್ಟೆ ಮುಗಿದು ಹೇಮಾವತಿ ನಿಂತಾಗ ಊರು ಬಿಟ್ಟವರ ಕತೆ. ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಮುಂದೆ ಫೋಟೊ ತೆಗೆಸಿಕೊಂಡು ಬರುವ ನಮಗೆ, ಆ ನೀರಿನ ಕೆಳಗೆ ಗದ್ದೆ ಮನೆ ಇದ್ದವು ಅನ್ನುವುದು ತಲೆಗೇ ಬರುವುದಿಲ್ಲ ಅಲ್ವಾ? ನಾಟಕದ ಹಾಡು, ಸದ್ದು ಎಲ್ಲ ಲ್ಯಾಪ್‌ಟಾಪಿನಿಂದ ಹಾಕುವವನು ನಾನು. ಒಂದೊಂದಕ್ಕೂ ಒಂದು ನಂಬರು, ಅದಕ್ಕೆ ಕ್ಯೂ ಅನ್ನುತ್ತೇವೆ. 17ನೇ ಕ್ಯೂ ನಾಟಕದ ನಡುವಿನ ಹಾಡು. ಊರು ಬಿಡುವ ಹಿಂದಿನ ರಾತ್ರಿ ಒಬ್ಬ ಹೆಂಗಸು ಹೊಸಿಲು ತೊಳೆಯುತ್ತಾ ಹಾಡುತ್ತಾಳೆ. ಇನ್ನು ನಾಲ್ಕು ದಿನಕ್ಕೆ ನೀರೇ ಬಂದು ತೊಳೆಯುವ ಹೊಸಿಲು ಅದು.

ಹಾಡಿದ ಹುಡುಗಿ ಇನ್ನೂ ಬಿ.ಕಾಂ. ಓದುತ್ತಿದ್ದಾಳೆ. ಪ್ರಾಕ್ಟೀಸಿನಲ್ಲಿ ಒಂದು ದಿನವೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಕೊನೆಯ ಸಾಲು ಮುಗಿದಾಗ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಚಪ್ಪಾಳೆ. ಅದರ ನಡುವೆ ಮೂರನೇ ಸಾಲಿನಿಂದ ಆ ಗಂಟಲು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. "ಒನ್ಸ್ ಮೋರ್!" ಹಿಂದೆ ಇನ್ನೂ ನಾಲ್ಕೈದು ಜನ ದನಿಗೂಡಿಸಿದರು.

ಹುಡುಗಿ ತಲೆ ಎತ್ತಿದಳು. ಸ್ಟೇಜಿನ ಪಕ್ಕದ ಮರೆ, ವಿಂಗಿನ ಕಡೆ ನೋಡಿದಳು. ಅಲ್ಲಿ ನಾನು, ಲ್ಯಾಪ್‌ಟಾಪು, ಪಕ್ಕದಲ್ಲಿ ನಿರ್ದೇಶಕ. ಅವನು "ನೆಕ್ಸ್ಟ್, ನೆಕ್ಸ್ಟ್" ಅಂದ. ನನ್ನ ಬೆರಳು 18 ಒತ್ತಿತು. 18 ಅಂದರೆ ಆಫೀಸರ್ ಬರುವ ಜೀಪಿನ ಸದ್ದು. ಹೊಸಿಲ ಮುಂದೆ ಬಾಯಿ ತೆರೆದು ನಿಂತವಳ ಮೇಲೆ ಜೀಪು ಗುರ್ ಅಂತ ಬಂತು.

ಇಷ್ಟೇ ಆದದ್ದು. ಯಾರಿಗೂ ಇದು ತಪ್ಪು ಅಂತ ಗೊತ್ತಾಗಿಯೂ ಇಲ್ಲ. ನಾಟಕ ಮುಂದೆ ಹೋಯಿತು, ಚೆನ್ನಾಗಿಯೂ ಆಯಿತು.

ನಿರ್ದೇಶಕನ ಬಗ್ಗೆ ಒಂದು ಮಾತು. ರಂಗ ತರಬೇತಿ ಮುಗಿಸಿ ಬಂದ ಹುಡುಗ, ಬುದ್ಧಿವಂತ, ಕಷ್ಟಪಡುತ್ತಾನೆ. ಆದರೆ ಊರಿನವರು ಯಾವುದನ್ನು ಇಷ್ಟಪಡುತ್ತಾರೋ ಅದರ ಮೇಲೆ ಅವನಿಗೆ ಒಂದು ಅನುಮಾನ. ಶುರುವಿನಲ್ಲೇ ನಾನು ಹೇಳಿದ್ದೆ, ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸೋಣ, ನಮ್ಮ ಸುತ್ತಮುತ್ತ ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂತ. "ಬೇಡ, ಕುರುಕ್ಷೇತ್ರದ ಥರ ಆಗಿಬಿಡತ್ತೆ" ಅಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಬೆಂಗಳೂರಿನ ಗೆಳೆಯನೊಬ್ಬ ಟ್ರ್ಯಾಕ್ ಮಾಡಿ ಕಳಿಸಿದ.

ಕುರುಕ್ಷೇತ್ರದ ಥರ ಅಂದರೆ ಏನು ಅಂತ ಈ ವಾರ ಕೂತು ಯೋಚಿಸಿದೆ. ನಾವು ಆಡಿದ ಅದೇ ಕಲಾಕ್ಷೇತ್ರದಲ್ಲಿ ಹಳ್ಳಿಯವರು ಬಂದು ಆ ನಾಟಕ ಆಡುತ್ತಾರೆ. ಪಾತ್ರ ಮಾಡುವವನೇ ಪಾತ್ರಕ್ಕೆ ದುಡ್ಡು ಕಟ್ಟುತ್ತಾನೆ, ಕೃಷ್ಣನಿಗೂ ದುರ್ಯೋಧನನಿಗೂ ರೇಟು ಜಾಸ್ತಿ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಯುದ್ಧಕ್ಕೆ ಹೊರಟ ಭೀಮನಿಗೆ ಅವನ ಭಾವಮೈದ ಸ್ಟೇಜ್ ಹತ್ತಿ ನೋಟಿನ ಹಾರ ಹಾಕುತ್ತಾನೆ. ನಗು ಬರುತ್ತದೆ, ನಿಜ. ಆದರೆ ಜನ ಇನ್ನೊಂದು ಸಲ ಅಂದರೆ ಮೇಷ್ಟ್ರು ಸ್ಟೇಜಿನ ಮೂಲೆಯಿಂದ ಒಂದು ಸಲ ಪಾತ್ರಧಾರಿಯ ಮುಖ ನೋಡುತ್ತಾರೆ, ಅವನಲ್ಲಿ ಇನ್ನೂ ದಮ್ಮಿದೆಯಾ ಅಂತ. ಇದ್ದರೆ ಕಾಲು ಮತ್ತೆ ತಿದಿ ಒತ್ತುತ್ತದೆ. ಹಾಡು ಹಿಂದಕ್ಕೆ ಬರುತ್ತದೆ.

ಕಂಪನಿ ನಾಟಕದ ಕಾಲದಿಂದ ಬಂದ ರೂಢಿ ಇದು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಒನ್ಸ್ ಮೋರ್ ಅಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು ಅಂತ ಹಳಬರು ತಮಾಷೆ ಮಾಡುತ್ತಾರೆ. ಓದಿದವರು ಅದನ್ನೇ ಹಿಡಿದು ಆಡಿಕೊಂಡರು. ಆದರೆ ಆ ಕಂಪನಿಯಲ್ಲೇ ಹುಡುಗನಾಗಿ ಪಳಗಿದ ಬಿ.ವಿ. ಕಾರಂತರು 70ರ ದಶಕದಲ್ಲಿ ಹೊಸ ನಾಟಕಗಳಿಗೆ ಹಾಡು ತುಂಬಿದಾಗ ಅದೇ ಓದಿದವರು ಚಪ್ಪಾಳೆ ಹೊಡೆದರು. ನಮ್ಮ ಹುಡುಗ ಕಾರಂತರ ಭಕ್ತ. ಅವರು ಎಲ್ಲಿಂದ ಬಂದರು ಅನ್ನುವುದು ಮಾತ್ರ ಬೇಡ!

ನನ್ನನ್ನು ಕೊರೆಯುತ್ತಿರುವುದು ಇನ್ನೊಂದು. ಆ ದಿನಕ್ಕೆ ನಾವು ಎಷ್ಟೆಲ್ಲ ತಯಾರಾಗಿದ್ದೆವು! ಕರೆಂಟ್ ಹೋದರೆ ಏನು, ಮೈಕ್ ಕೈಕೊಟ್ಟರೆ ಏನು, ಯಾರಾದರೂ ಮಾತು ಮರೆತರೆ ಏನು, 30 ಜನ ಮಾತ್ರ ಬಂದರೆ ಮುಂದಿನ ಸಾಲಿಗೆ ಹೇಗೆ ಕರೆದು ಕೂರಿಸುವುದು, ಎಲ್ಲ ಬರೆದಿಟ್ಟಿದ್ದೆ. ಜನಕ್ಕೆ ಇಷ್ಟವಾದರೆ ಏನು ಮಾಡುವುದು ಅಂತ ಒಂದು ಸಾಲೂ ಇರಲಿಲ್ಲ. ಮನೆಯಲ್ಲೂ ನಾನು ಹೀಗೇ ಅಂತ ಹೆಂಡತಿ ಹೇಳಿದಳು. ಸಾರು ಚೆನ್ನಾಗಿದೆ ಅಂತ ಯಾರಾದರೂ ಅಂದರೆ ಉಪ್ಪು ಸ್ವಲ್ಪ ಕಮ್ಮಿಯಾಗಿತ್ತು ಅಂತ ನಾನೇ ಅಡ್ಡ ಬಾಯಿ ಹಾಕುತ್ತೇನಂತೆ. ಮಾಡಿದವಳು ಅವಳು.

ನಾಟಕ ಮುಗಿದ ಮೇಲೆ ಆ ಯಜಮಾನರು ಹೊರಗೆ ಮೆಟ್ಟಿಲ ಹತ್ತಿರ ನಿಂತಿದ್ದರು. ನಿರ್ದೇಶಕ ಓಡಿ ಬಂದು ಕಾಲಿಗೆ ಬಿದ್ದ. ಮುಳುಗಡೆಯ ಊರಿನವರು, ಹಾಡು ಕೇಳಿ ಮನೆ ನೆನಪಾಗಿದೆ ಅಂತ ಅವನ ಲೆಕ್ಕ. ಫೋಟೊ ತೆಗೆಯಲು ಒಬ್ಬನನ್ನು ನಿಲ್ಲಿಸಿಕೊಂಡೂ ಇದ್ದ.

"ತಾವು ಗೊರೂರು ಕಡೆಯೋರಾ ಅಜ್ಜ? ಊರು ಮುಳುಗಿದ್ದು ನೆನಪಾಯ್ತಾ?"

"ಇಲ್ಲ ಕಣಪ್ಪ, ನಮ್ದು ದುದ್ದದ ಕಡೆ. ನಮಗೆ ಯಾವ ನೀರೂ ಬರ್ನಿಲ್ಲ. ಬಂದಿದ್ರೆ ಚೆನ್ನಾಗಿರೋದು."

ಫೋಟೊದವನು ಮೊಬೈಲು ಕೆಳಗಿಳಿಸಿದ. ಯಜಮಾನರು ಹುಡುಗಿ ಎಲ್ಲಿ ಅಂತ ಕೇಳಿದರು. ಅವಳು ಇನ್ನೂ ಮೇಕಪ್ಪು ಒರೆಸುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದರು. ಲ್ಯಾಪ್‌ಟಾಪ್ ಬ್ಯಾಗ್ ನೋಡಿ ನಾನೇ ಅಂತ ಗೊತ್ತಾಯಿತೋ ಏನೋ.

"ನಾನು ನಾಕು ಸಲ ಕೃಷ್ಣ ಮಾಡಿದೀನಿ. ಕೇಳುದ್ರೆ ಕೊಡ್ಬೇಕು ಕಣಪ್ಪ. ಆ ಮಗಾ ಕೊಡಕ್ಕೆ ನಿಂತಿತ್ತು. ನೀವ್ಯಾಕೆ ಕೊಡ್ನಿಲ್ಲ?"

"ಟ್ರ್ಯಾಕ್ ಇತ್ತು ಅಜ್ಜ, ಹಿಂದಕ್ಕೆ ಹೋಗಕ್ಕೆ ಆಗಲ್ಲ" ಅಂದೆ. ಸುಳ್ಳು. ಎರಡು ಸಲ ಒತ್ತಿದ್ದರೆ ಹೋಗುತ್ತಿತ್ತು.

ಸೋಮವಾರ ಹುಡುಗಿಗೆ ಫೋನ್ ಮಾಡಿದೆ. ಅವಳಿಗೆ ಬೇಜಾರೇನೂ ಇರಲಿಲ್ಲ, ಅಥವಾ ಇಲ್ಲ ಅಂತ ಹೇಳಿದಳು. ಇಡುವ ಮೊದಲು ಮಾತ್ರ, "ಸಾರ್, ನಾನು ಉಸಿರು ತಗೊಂಡುಬಿಟ್ಟಿದ್ದೆ" ಅಂದಳು.

ಮುಂದಿನ ತಿಂಗಳು ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ಎರಡನೇ ಶೋ. ನಿನ್ನೆ ರಾತ್ರಿ ಕೂತು 17ರ ಕೊನೆಯ ಚರಣವನ್ನು ಬೇರೆ ಮಾಡಿ, 17ಕ್ಕೂ 18ಕ್ಕೂ ನಡುವೆ ಸೇರಿಸಿದ್ದೇನೆ. 17-ಬಿ ಅಂತ ಹೆಸರು. ನಿರ್ದೇಶಕನಿಗೆ ಹೇಳಿಲ್ಲ. ಹುಡುಗಿಗೆ ಹೇಳಿದ್ದೇನೆ.