ಸಾಂತಾ ಬಾರ್ಬರಾ ಕೌಂಟಿ ಕೋರ್ಟು: ಗೋಪುರ ಕೊನೆಗೆ ಹತ್ತಿ

ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾಗೆ ಹೋದವರು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೋರ್ಟಿನ ಗೋಪುರ ಹತ್ತಿ, ನಾಲ್ಕು ಫೋಟೋ ತೆಗೆದು ಇಳಿದುಬಿಡುತ್ತಾರೆ. ಮೊದಲ ಸಲ ನಾವೂ ಅಷ್ಟೇ ಮಾಡಿದ್ದೆವು. ಈ ಸಲ ಅರ್ಧ ದಿನ ಇದಕ್ಕೇ ಎತ್ತಿಟ್ಟೆವು. ನೋಡಬೇಕಾದ್ದು ಗೋಪುರಕ್ಕಿಂತ ಕೆಳಗೇ ಜಾಸ್ತಿ ಇದೆ.

ಲಾಸ್ ಏಂಜಲೀಸ್‌ನಿಂದ ರೈಲಿನಲ್ಲಿ ಬರುವುದಾದರೆ ಎಡಗಡೆಯ ಕಿಟಕಿ ಹಿಡಿಯಿರಿ. ವೆಂಚುರಾ ದಾಟಿದ ಮೇಲೆ ಸಮುದ್ರ ಹಳಿಯ ಪಕ್ಕಕ್ಕೇ ಬರುತ್ತದೆ. ಸ್ಟೇಷನ್ನಿನಿಂದ ಕೋರ್ಟಿಗೆ ಸುಮಾರು ಇಪ್ಪತ್ತೈದು ನಿಮಿಷದ ನಡಿಗೆ. ಒಳಗೆ ಹೋಗಲು ಟಿಕೆಟ್ ಇಲ್ಲ.

ಮೊದಲು ಹಿಂದಿನ ಹುಲ್ಲುಹಾಸಿನಲ್ಲಿ ಐದು ನಿಮಿಷ ಕೂತುಕೊಳ್ಳಿ. ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವ ಈ ತೋಟದ ಜಾಗದಲ್ಲೇ ಹಳೆಯ ಕೋರ್ಟು ಇತ್ತು. 1925ರ ಜೂನ್ 29ರ ಬೆಳಿಗ್ಗೆ ಭೂಕಂಪ ಬಂತು, ಪೇಟೆಬೀದಿ ಕುಸಿಯಿತು, ಕೋರ್ಟೂ ಹಾಳಾಯಿತು. ಊರು ಮತ್ತೆ ಎದ್ದಿದ್ದು ಬಿಳಿ ಗೋಡೆ, ಕೆಂಪು ಹೆಂಚಿನ ಸ್ಪ್ಯಾನಿಷ್ ಶೈಲಿಯಲ್ಲಿ. ಈಗಿನ ಕಟ್ಟಡ ಮುಗಿದಿದ್ದು 1929ರಲ್ಲಿ. ಅದರ ವಾಸ್ತುಶಿಲ್ಪಿ ವಿಲಿಯಂ ಮೂಸರ್. ಒಂದು ಕಿಟಕಿಯ ಹಾಗೆ ಇನ್ನೊಂದಿಲ್ಲ. ಅಳತೆ ಬೇರೆ, ಎತ್ತರ ಬೇರೆ. ನನಗೆ ಅದೇ ಇಷ್ಟವಾಯಿತು. ತಲೆಮಾರುಗಳಿಂದ ಒಂದೊಂದೇ ಕೋಣೆ ಸೇರಿಸುತ್ತಾ ಬೆಳೆದ ಮನೆಯ ಹಾಗೆ ಕಾಣುತ್ತದೆ.

ಒಳಗೆ ಹೋದ ಮೇಲೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಹೋಗಿ. ಟ್ಯುನೀಶಿಯಾದಿಂದ ತರಿಸಿದ ಬಣ್ಣದ ಟೈಲ್ಸ್ ಅಲ್ಲಿ ಕಣ್ಣಳತೆಗೇ ಸಿಗುತ್ತವೆ. ಬಗ್ಗಿ ನೋಡಿದೆ: ಒಂದು ಹೂವಿನ ನೀಲಿ ಗೆರೆ ದಾಟಿ ಪಕ್ಕದ ಹಳದಿಗೆ ಹರಿದಿತ್ತು. ಕೈಕೆಲಸ ಅಲ್ವಾ!

ಅಮೆರಿಕದ ಲೆಕ್ಕದಲ್ಲಿ ಎರಡನೇ ಮಹಡಿಯಲ್ಲಿ ಮ್ಯೂರಲ್ ರೂಮ್, ಅಂದರೆ ಭಿತ್ತಿಚಿತ್ರಗಳ ಕೋಣೆ ಇದೆ. ಕೌಂಟಿ ಆಡಳಿತ ಮಂಡಳಿ ಸಭೆ ಸೇರುತ್ತಿದ್ದ ಕೋಣೆ ಅದು. ಕಲಾವಿದ ಡ್ಯಾನ್ ಸೇರ್ ಗ್ರೋಸ್‌ಬೆಕ್ ಗೋಡೆಗಳ ತುಂಬಾ ಈ ನಾಡಿನ ಚರಿತ್ರೆಯ ಚಿತ್ರ ಬರೆದಿದ್ದಾರೆ. 1542ರಲ್ಲಿ ಸ್ಪೇನ್ ಪರವಾಗಿ ಬಂದ ನಾವಿಕ ಕಬ್ರಿಯೊ ಹಡಗಿನಲ್ಲಿ ಬಂದಿಳಿಯುವ ಚಿತ್ರದಲ್ಲಿ ಎಲ್ಲರೂ ಹಡಗಿನವರನ್ನೇ ನೋಡುತ್ತಾರೆ. ನೀವು ದಡದಲ್ಲಿರುವ ಇಲ್ಲಿನ ಮೂಲನಿವಾಸಿ ಚುಮಾಶ್ ಜನರನ್ನು ನೋಡಿ. ನೆಲ ಅವರದು. ಕಾರ್ಯಕ್ರಮ ಇದ್ದರೆ ಕೋಣೆ ಮುಚ್ಚಿರುತ್ತದೆ. ಹೋಗುವ ಮುಂಚೆ ವಿಚಾರಿಸಿ. ಕಟ್ಟಡ ತೋರಿಸಿ ವಿವರಿಸುವ ಸ್ವಯಂಸೇವಕರಿದ್ದಾರೆ, ಅದಕ್ಕೂ ದುಡ್ಡಿಲ್ಲ. ಆ ಹೊತ್ತನ್ನೂ ಕೇಳಿಕೊಳ್ಳಿ.

ಇದು ಇವತ್ತಿಗೂ ನಡೆಯುತ್ತಿರುವ ಕೋರ್ಟು. ಬಾಗಿಲ ಹೊರಗೆ ಯಾರೋ ತಮ್ಮ ಕೇಸಿಗೆ ಕಾಯುತ್ತಾ ಕೂತಿರುತ್ತಾರೆ. ಅಲ್ಲಿ ಮಾತು ಮೆಲ್ಲಗಿರಲಿ, ಕ್ಯಾಮೆರಾ ಚೀಲದಲ್ಲಿರಲಿ.

ಆಮೇಲೆ ಗೋಪುರ. 85 ಅಡಿ ಎತ್ತರ. ಅಲ್ಲಿ ಗಡಿಯಾರದ ಯಂತ್ರವನ್ನೂ ನೋಡಬಹುದು, ಮಕ್ಕಳಿದ್ದರೆ ಬಿಡಲೇಬೇಡಿ. ಒಂದು ಕಡೆ ಸಾಂತಾ ಇನೆಜ್ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಕೆಂಪು ಹೆಂಚು. ಆ ಹೆಂಚು ಯಾಕೆ ಬಂತು ಅಂತ ಈ ಸಲ ಗೊತ್ತಿದ್ದರಿಂದ ನಾವು ತುಂಬಾ ಹೊತ್ತು ಅಲ್ಲೇ ನಿಂತೆವು.