ಅಷ್ಟು ದೊಡ್ಡ ಸಂಖ್ಯೆಯಿಂದ ಏನು ಉಪಯೋಗ?

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯೂರಂಟ್ ಎಂಬುವರು ಆವರೆಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಪತ್ತೆ ಮಾಡಿದಾಗಿನಿಂದ ಕಂಡವರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ. 2ರ 13,62,79,841ನೇ ಘಾತದಲ್ಲಿ 1 ಕಳೆದರೆ ಬರುವ ಸಂಖ್ಯೆ ಅದು. ಬರೆದರೆ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿ.

ಉತ್ತರ: ನಿಮ್ಮ ದಿನನಿತ್ಯದ ಯಾವ ಕೆಲಸಕ್ಕೂ ಇಲ್ಲ.

ಇಷ್ಟಕ್ಕೆ ಬಿಡುತ್ತಾರೆಯೇ? "ಬ್ಯಾಂಕಿನ ಗುಟ್ಟು ಕಾಯುವುದು ಇಂಥ ಸಂಖ್ಯೆಗಳೇ ಅಲ್ವಾ?" ಎಂದು ನನ್ನ ಪರವಾಗಿ ಅವರೇ ವಾದಕ್ಕೆ ನಿಲ್ಲುತ್ತಾರೆ. ಅಲ್ಲ ಸ್ವಾಮಿ. ಆರ್‌ಎಸ್‌ಎ ಗೂಢಲಿಪಿಗೆ ಬೇಕಾದ್ದು ಕೆಲವು ನೂರು ಅಂಕಿಗಳ, ಬೇರೆ ಯಾರಿಗೂ ಗೊತ್ತಿರಬಾರದ ಅವಿಭಾಜ್ಯಗಳು. ಜಗತ್ತಿಗೆಲ್ಲ ಸಾರಿದ ಈ ಸಂಖ್ಯೆ ಊರಿನವರೆಲ್ಲರ ಕೈಯಲ್ಲೂ ನಕಲಿರುವ ಬೀಗದ ಕೈ. ಉಪಯೋಗ ತೋರಿಸಿದರೆ ಮಾತ್ರ ಗಣಿತಕ್ಕೆ ಮರ್ಯಾದೆ ಎಂಬ ಧಾಟಿ ನನಗೆ ಸಹಿಸಲಾಗುವುದಿಲ್ಲ.

ಯಾಕೆ ಒಬ್ಬರೂ "ಅದು ಅವಿಭಾಜ್ಯ ಅಂತ ಹೇಗೆ ಗೊತ್ತಾಯಿತು?" ಎಂದು ಕೇಳುವುದಿಲ್ಲ? ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುತ್ತ ಕೂತರೆ ಯಾವ ಕಂಪ್ಯೂಟರಿಗೂ ಮುಗಿಯದ ಕೆಲಸ. ಇಲ್ಲಿ ನೆರವಿಗೆ ಬರುವುದು, 2ರ ಘಾತದಲ್ಲಿ 1 ಕಳೆದ ಇಂಥ ಸಂಖ್ಯೆಗಳಿಗೆಂದೇ ಇರುವ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ. ಚಿಕ್ಕದರಲ್ಲಿ ಮಾಡಿ ನೋಡೋಣ. 2ರ 7ನೇ ಘಾತದಲ್ಲಿ 1 ಕಳೆದರೆ 127. 4ರಿಂದ ಶುರು ಮಾಡಿ. ವರ್ಗ ಮಾಡಿ 2 ಕಳೆಯಿರಿ, 127ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಅದನ್ನು ಹಿಡಿದು ಮತ್ತೆ ಅದೇ ಲೆಕ್ಕ. 4, 14, 67, 42, 111, 0. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಐದು ಹೆಜ್ಜೆ. ಕೊನೆಗೆ ಸೊನ್ನೆ ಬಂತು, 127 ಅವಿಭಾಜ್ಯ.

ಈಗ ಘಾತ 11 ಇಡಿ. ಸಂಖ್ಯೆ 2047. ಒಂಬತ್ತು ಹೆಜ್ಜೆ ನಡೆದರೆ ಶೇಷ 1736. ಸೊನ್ನೆಯಲ್ಲ, ಹಾಗಾಗಿ 2047 ಅವಿಭಾಜ್ಯವಲ್ಲ. ಅದು 23 × 89 ಎಂಬ ಸುಳಿವನ್ನು ಮಾತ್ರ ಪರೀಕ್ಷೆ ಎಲ್ಲೂ ಕೊಡುವುದಿಲ್ಲ! ಒಡೆಯುತ್ತದೆ ಎಂದು ಖಚಿತವಾಗಿ ಗೊತ್ತು, ಎಲ್ಲಿ ಒಡೆಯುತ್ತದೆಂದು ಗೊತ್ತಿಲ್ಲ. ಎಷ್ಟು ಸಲ ನೋಡಿದರೂ ನನಗಿದು ಮೈ ಜುಮ್ಮೆನ್ನಿಸುತ್ತದೆ.

2ರ 67ನೇ ಘಾತದಲ್ಲಿ 1 ಕಳೆದ ಸಂಖ್ಯೆ ಅವಿಭಾಜ್ಯವೆಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲೇ ಪಟ್ಟಿ ಮಾಡಿದ್ದ. ಅಲ್ಲವೆಂದು 1876ರಲ್ಲಿ ತೋರಿಸಿದವನು ಈ ಪರೀಕ್ಷೆಯ ಹೆಸರಿನಲ್ಲಿರುವ ಲ್ಯೂಕಾಸ್, ಕೈಯಲ್ಲಿ ಒಂದೂ ಅಪವರ್ತನವಿಲ್ಲದೆ. ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಗಣಿತಜ್ಞ ಫ್ರ್ಯಾಂಕ್ ಕೋಲ್ ಅವರಿಗೆ: 193707721 × 761838257287.

ಡ್ಯೂರಂಟ್ ಪತ್ತೆ ಮಾಡಿದ ಸಂಖ್ಯೆಗೂ ಇದೇ ಪರೀಕ್ಷೆ, 4ರಿಂದಲೇ ಶುರು. ಹೆಜ್ಜೆಗಳು ಮಾತ್ರ 13,62,79,839. 2ರ ಘಾತದಲ್ಲಿ 1 ಕಳೆದರೆ ಸಿಗುವ ಇಂಥ ಅವಿಭಾಜ್ಯಗಳಿಗೆ ಕೊನೆಯಿದೆಯೋ ಇಲ್ಲವೋ ಎಂಬುದನ್ನು ಇನ್ನೂ ಯಾರೂ ಸಾಧಿಸಿ ತೋರಿಸಿಲ್ಲ. ಮುಂದಿನ ಸಲ ಸಿಕ್ಕಾಗ ಅದನ್ನು ಕೇಳಿ.