ಶೇಂಗಾ ಚಟ್ನಿ, ಇಂಟರ್ನಲ್ಸ್ ಮತ್ತು ಬೇಸರದ ಲೆಕ್ಕ

ಓದುತ್ತಲೇ ಒಂದು ಸಣ್ಣ ಬಿಸಿನೆಸ್ ಶುರು ಮಾಡಿದವರು ಎರಡು ಮೂರು ತಿಂಗಳಲ್ಲಿ ಮಂಕಾಗುವುದು ಸಾಮಾನ್ಯ. ಆಗ ಸಿಗುವ ಸಲಹೆಗಳೂ ಸಾಮಾನ್ಯವೇ: ಪಾಸಿಟಿವ್ ಆಗಿರು, ಬೆಳಿಗ್ಗೆ ಐದಕ್ಕೆ ಏಳು, ಗೆದ್ದವರ ವೀಡಿಯೊ ನೋಡು. ವೀಡಿಯೊದ ಹುರುಪು ಮರುದಿನ ಎರಡನೇ ಪೀರಿಯಡ್ ಹೊತ್ತಿಗೆ ಇಳಿದಿರುತ್ತದೆ. ನನಗೆ ಕಾಣುವಂತೆ ಈ ಬೇಸರ ಹುಟ್ಟುವುದೇ ಬರೆಯದೆ ಬಿಟ್ಟ ಲೆಕ್ಕದಲ್ಲಿ. ದುಡ್ಡಿನ ಲೆಕ್ಕ, ಗಂಟೆಯ ಲೆಕ್ಕ, ಹಾಜರಿಯ ಲೆಕ್ಕ.

ಒಂದು ಉದಾಹರಣೆ ಹಿಡಿಯೋಣ. ಗದಗ ಕಡೆಯ ಮನೆಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿ, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ 200 ಗ್ರಾಮಿನ ಪ್ಯಾಕೆಟ್ 80 ರೂಪಾಯಿಗೆ ಮಾರುವ ಇಂಜಿನಿಯರಿಂಗ್ ವಿದ್ಯಾರ್ಥಿ. ಒಂದು ಬ್ಯಾಚಿಗೆ 5 ಕೆಜಿ ಶೇಂಗಾ, ಕೆಜಿಗೆ 140ರಂತೆ 700 ರೂಪಾಯಿ. ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಬೆಲ್ಲಕ್ಕೆ 200. ಹುರಿದು ಸಿಪ್ಪೆ ತೆಗೆದರೆ ಶೇಂಗಾ ನಾಲ್ಕೂವರೆ ಕೆಜಿಗೆ ಇಳಿಯುತ್ತದೆ. ಖಾರ, ಬೆಲ್ಲ ಎಲ್ಲ ಕೂಡಿಸಿ, ಮಿಕ್ಸಿಗೆ ಅಂಟಿದ್ದು, ರುಚಿ ನೋಡಲು ಕೊಟ್ಟದ್ದು ಕಳೆದರೆ ಕೈಗೆ 5 ಕೆಜಿ ಪುಡಿ, ಅಂದರೆ 25 ಪ್ಯಾಕೆಟ್. ಪೌಚಿಗೆ 6, ಲೇಬಲ್ಲಿಗೆ 2 ರೂಪಾಯಿ, ಒಟ್ಟು 200. ಗ್ಯಾಸು, ಕರೆಂಟಿಗೆ 100, ಬಸ್ಸಿಗೆ 100. ಎಲ್ಲ ಸೇರಿ 1,300. ಪ್ಯಾಕೆಟ್ಟಿಗೆ 52 ಬಿತ್ತು.

25 ಪ್ಯಾಕೆಟ್ ಮಾರಿದರೆ 2,000 ರೂಪಾಯಿ, 700 ಲಾಭ. ಬಹುತೇಕರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಆದರೆ ಹುರಿದು, ತಿಕ್ಕಿ, ಪುಡಿ ಮಾಡಿ, ತುಂಬಿದ ಆರು ಗಂಟೆ ಯಾರದು? ಅವ್ವನದು. ಗಂಟೆಗೆ 60 ಅಂತ ಹಿಡಿದರೂ 360 ಆಯಿತು. ಉಳಿಯಿತು 340. ಇನ್ನು ಗೆಳೆಯರಲ್ಲಿ ಐದು ಜನ ‘ಆಮೇಲೆ ಕೊಡ್ತೀನಿ’ ಅಂದರೆ ಅದು 400. ಲೆಕ್ಕ 60 ರೂಪಾಯಿ ಲುಕ್ಸಾನಿಗೆ ಬಂತು. ಎಲ್ಲರೂ ರುಚಿ ಚೆನ್ನಾಗಿದೆ ಅನ್ನುತ್ತಿದ್ದಾರೆ, ಸರಕು ಖಾಲಿಯಾಗುತ್ತಿದೆ, ಜೇಬಿನಲ್ಲಿ ಮಾತ್ರ ಏನೂ ಇಲ್ಲ. ಹೀಗೆ ನಾಲ್ಕು ಬ್ಯಾಚ್ ಆದ ಮೇಲೆ ‘ನನಗೆ ಮೋಟಿವೇಶನ್ ಹೋಗಿದೆ’ ಅಂತ ಅನ್ನಿಸದಿದ್ದರೆ ಅದೇ ಆಶ್ಚರ್ಯ.

ಕಿರಾಣಿ ಅಂಗಡಿಯ ಹಲಗೆ ಸುಮ್ಮನೆ ಬಂದದ್ದಲ್ಲ: ಇಂದು ನಗದು, ನಾಳೆ ಉದ್ರಿ. ಹಾಸ್ಟೆಲಿನಲ್ಲಿ ಗೆಳೆಯನಿಗೆ ಇಲ್ಲ ಅನ್ನುವುದು ಕಷ್ಟ, ಅದಕ್ಕೇ ಆ ಮಾತನ್ನು ಬಾಯಲ್ಲಿ ಹೇಳದೆ ಡಬ್ಬಿಯ ಮೇಲೆ ಯುಪಿಐ ಕೋಡಿನ ಪಕ್ಕ ಅಂಟಿಸಿಬಿಡಿ. ಮಾರಾಟದ ದುಡ್ಡು ಬರುವ ಬ್ಯಾಂಕ್ ಖಾತೆಯೂ ಬೇರೆ ಇರಲಿ. ಚಹಾ, ರೀಚಾರ್ಜು, ಮೆಸ್ಸಿನ ಬಿಲ್ಲು ಒಂದೇ ಖಾತೆಯಿಂದ ಹೋದರೆ ಲಾಭವೋ ನಷ್ಟವೋ ಯಾವತ್ತೂ ತಿಳಿಯುವುದಿಲ್ಲ. ಬೆಲೆಯನ್ನು ಮೊದಲಿನಿಂದಲೇ 100 ಇಡಿ. 80ಕ್ಕೆ ಮಾರುತ್ತಿದ್ದರೆ, 20 ಶೇಕಡಾ ಕಮಿಷನ್ ಕೇಳುವ ಅಂಗಡಿಗೆ ಕೊಟ್ಟಾಗ ಸಿಗುವುದು 64. ಅದರಲ್ಲಿ 52 ಖರ್ಚು, 14 ರೂಪಾಯಿಗೂ ಮಿಕ್ಕಿ ಅವ್ವನ ಕೂಲಿ. ಅಲ್ಲಿಗೆ ಪ್ರತಿ ಪ್ಯಾಕೆಟ್ಟೂ ನಷ್ಟ. 100 ಇದ್ದರೆ 13 ರೂಪಾಯಿಯಾದರೂ ಉಳಿಯುತ್ತದೆ. ಅಗ್ಗದಲ್ಲಿ ಶುರು ಮಾಡಿ ಆಮೇಲೆ ಏರಿಸಿದರೆ ಗೆಳೆಯರೇ ಮೊದಲು ಗೊಣಗುತ್ತಾರೆ.

ಸರಕಿನ ಕಡೆಗೂ ಸ್ವಲ್ಪ ಗಮನ ಬೇಕು, ವಾಪಸ್ ಬಂದ ಒಂದು ಮುಗ್ಗಲು ಪ್ಯಾಕೆಟ್ ವಾರದ ನಿದ್ದೆ ಕೆಡಿಸುತ್ತದೆ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯಿರಿ, ಹೊರಗೆ ಕಂದಿ ಒಳಗೆ ಹಸಿ ಉಳಿದರೆ ಬೇಗ ಕೆಡುತ್ತದೆ. ಬೆಳ್ಳುಳ್ಳಿಯಲ್ಲಿ ನೀರಿನಂಶ ಹೆಚ್ಚು, ಅದನ್ನು ಬಿಸಿ ಬಾಣಲೆಯಲ್ಲಿ ಗರಿಗರಿಯಾಗುವವರೆಗೆ ಬಾಡಿಸದೆ ಹಾಕಿದರೆ ಪುಡಿ ಗಂಟು ಕಟ್ಟುತ್ತದೆ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಕಾಳು ಎಣ್ಣೆ ಬಿಟ್ಟು ಪುಡಿ ಹೋಗಿ ಮುದ್ದೆಯಾಗುತ್ತದೆ. ಪೂರ್ತಿ ಆರುವ ತನಕ ತುಂಬಬೇಡಿ, ಬಿಸಿ ಪುಡಿಯ ಹಬೆ ಪೌಚಿನ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಪ್ರತಿ ಬ್ಯಾಚಿನ ಎರಡು ಪ್ಯಾಕೆಟ್ ತೆಗೆದಿಟ್ಟು ವಾರಕ್ಕೊಮ್ಮೆ ರುಚಿ ನೋಡಿ. ಎಷ್ಟು ದಿನ ಬಾಳುತ್ತದೆ ಅನ್ನುವುದು ಆಗ ತಿಳಿಯುತ್ತದೆ, ಮಳೆಗಾಲದಲ್ಲಿ ಮತ್ತೆ ನೋಡಬೇಕು.

ಕಾಗದಪತ್ರ ಅಂದರೆ ಹೆದರಿಕೆ, ಅದರಲ್ಲಿ ಅರ್ಧ ಸುಮ್ಮನೆ. ಆಹಾರ ಮಾರುವವರಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕೇ ಬೇಕು, ಅದರದ್ದೇ ಫೋಸ್ಕೋಸ್ ಪೋರ್ಟಲ್ಲಿನಲ್ಲಿ ನೀವೇ ಅರ್ಜಿ ಹಾಕಬಹುದು. ಆ 14 ಅಂಕಿಯ ಸಂಖ್ಯೆ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ವಿಳಾಸ, ಸಸ್ಯಾಹಾರದ ಹಸಿರು ಗುರುತು ಲೇಬಲ್ಲಿನ ಮೇಲೆ ಇರಲಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ರಾಜ್ಯದೊಳಗೆ ಸರಕು ಮಾರುವವರು ವರ್ಷಕ್ಕೆ 40 ಲಕ್ಷದ ವಹಿವಾಟು ದಾಟುವ ತನಕ ಜಿಎಸ್‌ಟಿ ಚಿಂತೆ ಮಾಡಬೇಕಾಗಿಲ್ಲ. ಲೋಗೋ ಮುದ್ರಿಸಿದ ಪೌಚು ಬೇಡ. ಮುದ್ರಣದವರು ಸಾವಿರಗಟ್ಟಲೆ ಆರ್ಡರ್ ಕೇಳುತ್ತಾರೆ, ನಿಮಗೆ ಬೇಕಾದದ್ದು 25. ಸಾದಾ ಪೌಚು, ಸ್ಟಿಕರ್ ಸಾಕು.

ಮೊದಲ ಬಂಡವಾಳ 3,000 ದಾಟದಿರಲಿ. ಎರಡು ಬ್ಯಾಚಿಗೆ ಅಷ್ಟು ಸಾಲುತ್ತದೆ, ಪೂರ್ತಿ ಮುಳುಗಿದರೂ ಮನೆಯಲ್ಲಿ ಮುಖ ತೋರಿಸಬಹುದು. ಸಾಲ ತಂದ 50 ಸಾವಿರದಲ್ಲಿ ಶುರು ಮಾಡಿದವನಿಗೆ ಪ್ರತಿ ಸೋಮವಾರವೂ ಪರೀಕ್ಷೆಯೇ.

ಈಗ ಹಾಜರಿ. ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು ಕೇಳುವುದು 85 ಶೇಕಡಾ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 40 ತರಗತಿ ನಡೆದರೆ ತಪ್ಪಿಸಬಹುದಾದದ್ದು 6. ಜ್ವರಕ್ಕೆ ಎರಡು ತೆಗೆದಿಟ್ಟರೆ ಬಿಸಿನೆಸ್ಸಿಗೆ ಉಳಿದದ್ದು ನಾಲ್ಕೇ. ಈ ನಾಲ್ಕನ್ನು ಸೆಮಿಸ್ಟರಿನ ಮೊದಲ ವಾರವೇ ಗೋಡೆಗೆ ಬರೆದು ಅಂಟಿಸಿ, ಖರ್ಚಾದಂತೆ ಗೀಟು ಹಾಕಿ. ಇಂಟರ್ನಲ್ಸ್‌ಗೆ ಹತ್ತು ದಿನ ಮೊದಲು, ಸೆಮಿಸ್ಟರ್ ಪರೀಕ್ಷೆಗೆ ತಿಂಗಳು ಮೊದಲು ಹೊಸ ಬ್ಯಾಚ್ ಬಂದ್. ಗಿರಾಕಿಗಳಿಗೆ ದಿನಾಂಕ ಹೇಳಿಯೇ ಮುಚ್ಚಿ. ಹೇಳದೆ ಮುಚ್ಚಿದರೆ ಮೆಸೇಜು ಬರುತ್ತಲೇ ಇರುತ್ತವೆ, ಓದಲು ಕುಳಿತವನಿಗೆ ಅಪರಾಧಿ ಭಾವ ಬೇರೆ. ಎರಡೂ ಅರ್ಧಂಬರ್ಧ ಮಾಡುವ ಆ ಸಂಜೆಗಳಷ್ಟು ಸುಸ್ತು ಮಾಡುವುದು ಇನ್ನೊಂದಿಲ್ಲ.

ಜೊತೆಗಾರ ಇದ್ದರೆ ಒಂದು ಹಾಳೆಯಲ್ಲಿ ಮೂರು ವಿಷಯ ಬರೆದು ಇಬ್ಬರೂ ಸಹಿ ಹಾಕಿ: ವಾರಕ್ಕೆ ಯಾರು ಎಷ್ಟು ಗಂಟೆ, ಯಾರ ದುಡ್ಡು ಎಷ್ಟು, ಬಿಟ್ಟು ಹೋದರೆ ಏನು. ಕೊನೆಯದನ್ನು ಬರೆಯಲು ಎಲ್ಲರಿಗೂ ಸಂಕೋಚ. ಆದರೆ ಏಳನೇ ಸೆಮಿಸ್ಟರಿನಲ್ಲಿ ಒಬ್ಬನಿಗೆ ಪ್ಲೇಸ್‌ಮೆಂಟ್ ಆಗುತ್ತದೆ, ಆಗ ಆ ಸಾಲೇ ಗೆಳೆತನ ಉಳಿಸುತ್ತದೆ.

ಪಿಚ್ ಸ್ಪರ್ಧೆಗಳ, ಅಂದರೆ ವೇದಿಕೆಯ ಮೇಲೆ ಬಿಸಿನೆಸ್ ಐಡಿಯಾ ಹೇಳುವ ಸ್ಪರ್ಧೆಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ. ಚಪ್ಪಾಳೆ, ಸರ್ಟಿಫಿಕೇಟು, ಫೋಟೊ ಎಲ್ಲ ಸಿಗುತ್ತದೆ, ಗಿರಾಕಿ ಸಿಗುವುದಿಲ್ಲ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಸ್ಟಾರ್ಟ್‌ಅಪ್‌ಗಳಿಗೆ 50 ಲಕ್ಷದವರೆಗೆ ಅನುದಾನ ಇದೆ, ಹುಬ್ಬಳ್ಳಿಯಲ್ಲೇ ದೇಶಪಾಂಡೆ ಸ್ಟಾರ್ಟ್‌ಅಪ್ಸ್‌ನಂಥ, ಹೊಸ ಉದ್ದಿಮೆಗಳಿಗೆ ಕೈಹಿಡಿದು ನಡೆಸುವ ಇನ್‌ಕ್ಯುಬೇಟರ್ ಇದೆ, ನಿಜ. ನಾಲ್ಕು ತಿಂಗಳ ಮಾರಾಟದ ಪುಸ್ತಕ ಹಿಡಿದುಕೊಂಡು ಹೋದರೆ ಅಲ್ಲಿ ಮಾತಿಗೆ ತೂಕ ಬರುತ್ತದೆ. ಐಡಿ ಫ್ರೆಶ್ 2005ರಲ್ಲಿ ಬೆಂಗಳೂರಿನ ಒಂದು ಪುಟ್ಟ ಕೋಣೆಯಲ್ಲಿ ದೋಸೆ ಹಿಟ್ಟು ರುಬ್ಬಿ ಮಾರಲು ಶುರು ಮಾಡಿದಾಗ, ದಿನಕ್ಕೆ 100 ಪ್ಯಾಕೆಟ್ ಮುಟ್ಟಲು ಅವರಿಗೆ ಒಂಬತ್ತು ತಿಂಗಳೇ ಹಿಡಿಯಿತಂತೆ. ಅದೂ ದಿನವಿಡೀ ಅದೇ ಕೆಲಸ ಮಾಡಲು ಜನ ಇದ್ದಾಗ. ವಾರಾಂತ್ಯದಲ್ಲಷ್ಟೇ ಕೈ ಹಚ್ಚುವವರು ಮೂರನೇ ವಾರಕ್ಕೇ ತಮ್ಮನ್ನು ಬೈದುಕೊಳ್ಳುವುದರಲ್ಲಿ ಅರ್ಥವಿಲ್ಲ. ವಾರಕ್ಕೆ ಎಣಿಸಬೇಕಾದದ್ದು ಒಂದೇ: ಎರಡನೇ ಸಲ ಕೊಂಡವರು ಎಷ್ಟು ಜನ. ಇನ್‌ಸ್ಟಾಗ್ರಾಮ್ ಲೈಕಿಗಿಂತ ಆ ಅಂಕಿ ಮೆಲ್ಲಗೆ ಏರುತ್ತದೆ, ಆದರೆ ಏರಿದಾಗ ಸಿಗುವ ಖುಷಿ ಬೇಗ ಇಳಿಯುವುದಿಲ್ಲ.

ಲೆಕ್ಕ ಸರಿಯಿದ್ದೂ ಎರಡು ವಾರ ನಿದ್ದೆ, ಊಟ ಕೆಟ್ಟು ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದು ಬಿಸಿನೆಸ್ಸಿನ ಮಾತಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಲ್ಲಿಸುವ ಗೆರೆಯನ್ನೂ ಮೊದಲೇ ಎಳೆದುಕೊಳ್ಳಿ. ಬೆಲೆ ಸರಿ ಮಾಡಿ, ಉದ್ರಿ ನಿಲ್ಲಿಸಿದ ಮೇಲೂ ಸತತ ಮೂರು ಬ್ಯಾಚ್ ನಷ್ಟವಾದರೆ ಮುಚ್ಚಿಬಿಡಿ. ಅವ್ವನ ಬಾಕಿ ಮೊದಲು ತೀರಿಸಿ. ಮಿಕ್ಕ ಖಾಲಿ ಪೌಚುಗಳಿಗೆ ಜೂನಿಯರ್‌ಗಳಲ್ಲಿ ಯಾರಾದರೂ ಗಿರಾಕಿ ಸಿಕ್ಕೇ ಸಿಗುತ್ತಾರೆ. ನಗದಿಗೇ ಕೊಡಿ.